ಮೂವತ್ತು ಡ್ರಾಯರಿನ ಪೆಟ್ಟಿಗೆ

ಹೇಮಶ್ರೀಯ ಅಂಗಾಲಿಗೆ ಮುರಿದ ಸೂಜಿ ನೆಟ್ಟಿದ್ದು ಒಂದು ನೆಪವಾಯಿತು, ಅಷ್ಟೆ. ನೆಡದೇ ಇದ್ದಿದ್ದರೂ ಇವತ್ತಲ್ಲ ನಾಳೆ ಆ ಮನೆಯಲ್ಲಿ ಡಬ್ಬಿಗಳ ಜಗಳ ಆಗಿಯೇ ತೀರುತ್ತಿತ್ತು. ತ್ಯಾಗರಾಜನಗರದ ಹಿಂದಿನ ಗಲ್ಲಿಯಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ. ಒಂದು ನಡುಮನೆ, ಎರಡು ರೂಮು, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಡುಗೆಮನೆ. ಅಂಥ ಮನೆಯ ಕಿಟಕಿಯ ಕೆಳಗೆ ನಲವತ್ತೊಂದು ಡಬ್ಬಿಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಹಾಲಿನಪುಡಿಯ ಡಬ್ಬಿ, ಬಿಸ್ಕತ್ತಿನ ಡಬ್ಬಿ, ಪೌಡರ್ ಡಬ್ಬಿ, ಉಪ್ಪಿನಕಾಯಿಯ ಗಾಜಿನ ಬಾಟಲಿ. ಒಳಗೆಲ್ಲ ಸ್ಕ್ರೂ, ವಾಷರ್, ಸ್ಪ್ರಿಂಗ್, ಬಾಬಿನ್, ಸೂಜಿ. ಎಲ್ಲವೂ ಚಿನ್ನಪ್ಪನವರ ಸಂಪತ್ತು.

ಚಿನ್ನಪ್ಪ ನಲವತ್ತೈದು ವರ್ಷದಿಂದ ಹೊಲಿಗೆ ಮಿಷನ್ ರಿಪೇರಿ ಮಾಡಿಕೊಂಡು ಬಂದವರು. ಅಂಗಡಿಯಿಲ್ಲ, ಬೋರ್ಡಿಲ್ಲ. ಯಾರಾದರೂ ಫೋನ್ ಮಾಡಿದರೆ ಖಾಕಿ ಚೀಲ ಹೆಗಲಿಗೆ ಹಾಕಿಕೊಂಡು ಜಯನಗರಕ್ಕೋ ಬನಶಂಕರಿಗೋ ಹೋಗಿ, ಮಿಷನ್ ಬಿಚ್ಚಿ, ಜೋಡಿಸಿ, ಕಾಫಿ ಕುಡಿದು ಬರುವವರು. ಎಪ್ಪತ್ತೊಂದಾದರೂ ಕೈ ನಡುಗದು. ಹೆಂಡತಿ ಅಣ್ಣಮ್ಮ ತೀರಿಕೊಂಡು ಒಂದೂವರೆ ವರ್ಷವಾಗಿತ್ತು.

ಸೂಜಿ ನೆಟ್ಟ ದಿನ ಚಿನ್ನಪ್ಪ ಮನೆಯಲ್ಲಿರಲಿಲ್ಲ. ಕನಕಪುರದ ಕಡೆ ಹಳ್ಳಿಯಲ್ಲಿರುವ ತಂಗಿ ಅಂಕಮ್ಮನಿಗೆ ಕಣ್ಣಿನ ಪೊರೆ ತೆಗೆಸಿದ್ದರು. ಹದಿನೈದು ದಿನ ಜೊತೆಗಿದ್ದು ಬರುತ್ತೇನೆಂದು ಹೋಗಿದ್ದರು. ಮೊಮ್ಮಗಳು ಹೇಮಶ್ರೀ ಒಂಟಿ ಕಾಲಲ್ಲಿ ಕುಂಟುತ್ತ ಬಂದು ಅಡುಗೆಮನೆಯ ಬಾಗಿಲು ಹಿಡಿದು ನಿಂತಳು.

“ಅಮ್ಮ, ಈ ಮನೇಲಿ ಒಂದೋ ಆ ಡಬ್ಬಗಳಿರ್ಬೇಕು, ಇಲ್ಲಾ ನಾನಿರ್ಬೇಕು. ನೀವೇ ಡಿಸೈಡ್ ಮಾಡಿ.”

ಚಿನ್ನಪ್ಪನವರ ಮಗ ನರೇಂದ್ರ ತಟ್ಟೆಯಿಂದ ತಲೆಯೆತ್ತಲಿಲ್ಲ. ಬಸ್ ಕಂಡಕ್ಟರ್ ಅವನು. ಬೆಳಗಿನ ಜಾವ ಎದ್ದು ಹೋಗಿ, ದಿನವಿಡೀ ಟಿಕೆಟ್ ಟಿಕೆಟ್ ಎಂದು ಕೂಗಿ, ಮನೆಗೆ ಬರುವಷ್ಟರಲ್ಲಿ ಬಾಯಲ್ಲಿ ಮಾತೇ ಉಳಿದಿರುತ್ತಿರಲಿಲ್ಲ. “ಗುಜರಿಗೆ ಹಾಕು” ಅಂದ. ಅಷ್ಟಕ್ಕೇ ಆ ದಿನದ ಅವನ ಮಾತು ಮುಗಿಯಿತು.

ಅವನ ಹೆಂಡತಿ ಲತಾಮಣಿಗೆ ಭಯವಾಯಿತು. ಅವಳ ಭಯ ಡಬ್ಬಿಗಳದ್ದಲ್ಲ, ಮಾವನದು. ಇದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು: ಆ ಮನೆಯಲ್ಲಿ ಲತಾಮಣಿಯ ಜೊತೆ ಕೂತು ಮಾತಾಡುತ್ತಿದ್ದವರು ಮಾವ ಒಬ್ಬರೇ. ಮಗಳ ಕಿವಿಯಲ್ಲಿ ಯಾವಾಗಲೂ ಇಯರ್‌ಫೋನು. ಗಂಡನದು ಆ ಕಥೆ. ಜೆ.ಪಿ. ನಗರದ ಆಸ್ಪತ್ರೆಯೊಂದರ ಔಷಧಿ ಅಂಗಡಿಯಲ್ಲಿ ಅವಳಿಗೆ ಕೆಲಸ. ಅಲ್ಲಿ ದಿನಕ್ಕೆ ಇನ್ನೂರು ಜನ ಬರುತ್ತಾರೆ, ಇನ್ನೂರು ಜನರೂ ಚೀಟಿ ಮುಂದೆ ಚಾಚಿ ಮೊಬೈಲ್ ನೋಡುತ್ತ ನಿಲ್ಲುತ್ತಾರೆ. ಸಂಜೆ ಆರೂವರೆಗೆ ಅವಳು ಮೆಟ್ಟಿಲು ಹತ್ತಿ ಬಂದರೆ ಮಾವ ಕಾಫಿ ಸೋಸಿಟ್ಟಿರುತ್ತಿದ್ದರು. ಅವಳು ಸೊಪ್ಪು ಬಿಡಿಸುತ್ತ, “ಇವತ್ತು ಯಾರ ಮನೆ ಮಾವ?” ಎನ್ನುವಳು. ಅವರು ಶುರು ಮಾಡುವರು. ಯಾರ ಮನೆ ಮಿಷನ್ ಯಾಕೆ ಮುಷ್ಕರ ಹೂಡಿತು, ಯಾರ ಮಗಳ ಮದುವೆ ನಿಂತು ರವಿಕೆಯ ಬಟ್ಟೆ ಹಾಗೇ ಉಳಿಯಿತು, ಯಾರು ಕಾಫಿಗೆ ಸಕ್ಕರೆ ಹಾಕಲು ಈ ಸಲವೂ ಮರೆತರು. ಮುಕ್ಕಾಲು ಗಂಟೆ. ಲತಾಮಣಿಯ ದಿನದಲ್ಲಿ ಮನುಷ್ಯರ ದನಿ ಇದ್ದದ್ದು ಆ ಮುಕ್ಕಾಲು ಗಂಟೆ ಮಾತ್ರ. ಅದನ್ನು ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ.

ಹಾಗಾಗಿ ಡಬ್ಬಿಯೂ ಹೋಗಬೇಕು, ಮಾವನಿಗೂ ನೋವಾಗಬಾರದು ಎಂದು ಯೋಚಿಸಿದಳು. ದಾರಿ ಹೊಳೆದದ್ದು ಕೆಲಸದ ಜಾಗದಲ್ಲೇ. ಅವಳ ಬೆನ್ನ ಹಿಂದೆ ಗೋಡೆಯುದ್ದಕ್ಕೂ ಡ್ರಾಯರುಗಳಿದ್ದವು. ಕಣ್ಣು ಮುಚ್ಚಿಕೊಂಡು ಕೈ ಹಾಕಿದರೂ ಬೇಕಾದ ಮಾತ್ರೆಯೇ ಬರುವ ಹಾಗೆ ಅವಳೇ ಜೋಡಿಸಿದ್ದು. ಮಾರನೆಯ ದಿನವೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಮೇಲೆ ಹಿಡಿಕೆಯಿದ್ದ ನೀಲಿ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ತಂದಳು. ಮೂವತ್ತು ಪುಟ್ಟ ಡ್ರಾಯರು. ಎತ್ತಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು.

ಎರಡು ಭಾನುವಾರ ಅವಳಿಗೆ ಬೇರೆ ಕೆಲಸವೇ ಇರಲಿಲ್ಲ. ಹಳೆಯ ಚಾದರ ಹಾಸಿ ನಲವತ್ತೊಂದು ಡಬ್ಬಿಯನ್ನೂ ಬೋರಲು ಹಾಕಿದಳು. ಜಿಡ್ಡು ಹಿಡಿದಿದ್ದ ಸಾಮಾನನ್ನೆಲ್ಲ ಸೀಮೆಎಣ್ಣೆಯಲ್ಲಿ ಅದ್ದಿ, ಉಜ್ಜಿ, ಬಿಸಿಲಿಗೆ ಒಣಗಿಸಿದಳು. ಆಮೇಲೆ ಮಗಳ ಜಾಮೆಟ್ರಿ ಬಾಕ್ಸಿನ ಸ್ಕೇಲು ಹಿಡಿದು ಅಳೆಯುತ್ತ ಕೂತಳು. ಗಿಡ್ಡ ಸ್ಕ್ರೂ ಒಂದು ಕಡೆ, ಉದ್ದದ್ದು ಒಂದು ಕಡೆ, ಚಪ್ಪಟೆ ತಲೆಯದು ಬೇರೆ, ಗುಂಡು ತಲೆಯದು ಬೇರೆ. ಸೂಜಿಗಳಲ್ಲಿ ಹದಿನಾಲ್ಕು, ಹದಿನಾರು, ಹದಿನೆಂಟು. ಒಂದೊಂದು ಡ್ರಾಯರಿಗೂ ಚೀಟಿ ಅಂಟಿಸಿದಳು. ಗುಜರಿಯವನು ಖಾಲಿ ಡಬ್ಬಿಗಳನ್ನೆಲ್ಲ ತೆಗೆದುಕೊಂಡು ಬದಲಿಗೆ ಒಂದು ಹಸಿರು ಪ್ಲಾಸ್ಟಿಕ್ ಮೊರ ಕೊಟ್ಟ. ಕಿಟಕಿಯ ಕೆಳಗೆ ನೆಲ ಕಾಣಿಸಿತು. ಹೇಮಶ್ರೀ ಅಲ್ಲಿ ತನ್ನ ಪುಸ್ತಕದ ಮೇಜು ಎಳೆದು ಹಾಕಿಕೊಂಡು, “ಸಖತ್ತಾಗಿದೆ ಅಮ್ಮ” ಅಂದಳು. ತಿಂಗಳಲ್ಲಿ ಅವಳಾಗಿಯೇ ಆಡಿದ ಒಂದು ಒಳ್ಳೆಯ ಮಾತು ಅದು. ಲತಾಮಣಿ ಅದನ್ನೇ ಎರಡು ದಿನ ಮೆಲುಕು ಹಾಕಿದಳು.

ಚಿನ್ನಪ್ಪ ಅವರೆಕಾಯಿಯ ಚೀಲ ಹೊತ್ತು ಬಸ್ಸಿಳಿದು ಬಂದರು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರು ಕಿಟಕಿಯ ಕಡೆ ನೋಡಿ ನಿಂತುಬಿಟ್ಟರು. ಲತಾಮಣಿ ಪೆಟ್ಟಿಗೆ ತಂದು ಮುಂದಿಟ್ಟು, ಒಂದೊಂದೇ ಡ್ರಾಯರು ಎಳೆದು ತೋರಿಸಿದಳು. ಅವರು ಒಂದರೊಳಗೆ ಬೆರಳು ಹಾಕಿ ಕಲಕಿದರು.

“ಡಬ್ಬಿಗಳು?”

“ಗುಜರಿಗೆ ಕೊಟ್ಟೆ ಮಾವ. ಎಲ್ಲಾ ತುಕ್ಕು ಹಿಡಿದಿದ್ವಲ್ಲ. ಈ ಮೊರ ಕೊಟ್ಟ.”

ಚಿನ್ನಪ್ಪ ಮೊರವನ್ನು ಬಹಳ ಹೊತ್ತು ನೋಡಿದರು. “ಚೆನ್ನಾಗಿದೆ ಕಣಮ್ಮ” ಅಂದರು. ಮೊರ ಚೆನ್ನಾಗಿದೆಯೋ, ಪೆಟ್ಟಿಗೆ ಚೆನ್ನಾಗಿದೆಯೋ ಅವಳಿಗೆ ತಿಳಿಯಲಿಲ್ಲ.

ಆ ಸಂಜೆಯಿಂದಲೇ ಮಾತು ನಿಂತಿತು. ಮುನಿಸು ಅನ್ನುವ ಹಾಗಿಲ್ಲ. ಕಾಫಿ ಸೋಸಿಡುತ್ತಿದ್ದರು, ಕರೆದರೆ ಓಗೊಡುತ್ತಿದ್ದರು. ಆದರೆ “ಇವತ್ತು ಯಾರ ಮನೆ ಮಾವ?” ಅಂದರೆ, “ಅದೇ, ಜಯನಗರ” ಎಂದು ಎದ್ದು ಹೋಗುವರು. ಹೋಗಿ ಅಣ್ಣಮ್ಮನ ಹಳೆಯ ಮಿಷನ್ ಮುಂದೆ, ಇವಳಿಗೆ ಬೆನ್ನು ಮಾಡಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುವರು. ಡ್ರಾಯರು ಎಳೆಯುವ ಸದ್ದು, ತಳ್ಳುವ ಸದ್ದು. ಊಟಕ್ಕೆ ಕರೆಯುವ ತನಕ ಅದೇ. ಲತಾಮಣಿ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಮುದ್ದೆ ತೊಳಸುತ್ತ, ಬಂದ ಅಳುವನ್ನು ಒಲೆಯ ಉರಿಗೆ ಹಾಕಿ ಸುಮ್ಮನಾಗುತ್ತಿದ್ದಳು. ಗಂಡನಿಗೆ ಹೇಳಿದರೆ, “ವಯಸ್ಸಾಯ್ತು, ಬಿಡು” ಅಂದ.

ಮೂರು ವಾರ ಹೀಗೇ ಹೋಯಿತು. ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಮಾತ್ರ ಚಿನ್ನಪ್ಪ ಖಾಕಿ ಚೀಲದ ಜೊತೆ ನೀಲಿ ಪೆಟ್ಟಿಗೆಯನ್ನೂ ತಪ್ಪದೆ ಎತ್ತಿಕೊಳ್ಳುತ್ತಿದ್ದರು. ತುಂಬಿದ ಬಸ್ಸಿನಲ್ಲಿ ಅದನ್ನು ಹೇಗೆ ಹಿಡಿದುಕೊಂಡು ನಿಲ್ಲುತ್ತಾರೋ ಎಂದು ಅವಳು ಯೋಚಿಸುವಳು. ಹೋದವರು ಹನ್ನೊಂದಕ್ಕೆಲ್ಲ ವಾಪಸು ಬಂದಿರುತ್ತಾರೆ ಎನ್ನುವುದು ಕೆಳಗಿನ ಮನೆಯವರಿಂದ ತಿಳಿಯಿತು.

ಒಂದು ಮಧ್ಯಾಹ್ನ ಔಷಧಿ ಅಂಗಡಿಯಲ್ಲಿದ್ದಾಗ ಫೋನ್ ಬಂತು. ಬನಶಂಕರಿಯಲ್ಲಿ ರವಿಕೆ ಹೊಲಿಯುವ ಚೂಡಾಮಣಿ. ಚಿನ್ನಪ್ಪನವರ ಮೂವತ್ತು ವರ್ಷದ ಗಿರಾಕಿ. ಬೈಯುವ ದನಿಯಲ್ಲಿ ಶುರು ಮಾಡಿದವಳು ನಡುವೆಯೇ ಮೆತ್ತಗಾದಳು. ಚಿನ್ನಪ್ಪಣ್ಣ ಬಂದು ಎರಡು ಗಂಟೆ ಕೂತಿದ್ದರಂತೆ. ಆ ನೀಲಿ ಪೆಟ್ಟಿಗೆಯ ಡ್ರಾಯರನ್ನೆಲ್ಲ ತೆಗೆದು, ಹಾಕಿ, ತೆಗೆದು, ಕೊನೆಗೆ ಆಗಲಿಲ್ಲ ತಾಯಿ ಎಂದು ಎದ್ದು ಹೋದರಂತೆ.

“ಅವ್ರು ಯಾವತ್ತೂ ಆಗಲ್ಲ ಅಂದೋರಲ್ಲಮ್ಮ. ನಮ್ಮನೆ ಡಬ್ಬಿ ಎಲ್ಲಿ ಅಂದೆ. ಕಳೆದೋಯ್ತು ಅಂದ್ರು. ನಮ್ಮ ಅತ್ತೆ ಕೊಟ್ಟಿದ್ದ ಹಾಲಿನಪುಡಿ ಡಬ್ಬಿ ಅದು, ಮೂವತ್ತು ವರ್ಷದಿಂದ ಅದರಲ್ಲೇ ಇತ್ತು ನಮ್ಮ ಮಿಷನ್ ಸಾಮಾನು.”

ಫೋನ್ ಇಟ್ಟ ಮೇಲೆ ಲತಾಮಣಿ ಯಾರಿಗೋ ಕೊಡಬೇಕಾದ ಜ್ವರದ ಮಾತ್ರೆಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತಳು. ನಮ್ಮನೆ ಡಬ್ಬಿ. ಅಂದರೆ ಒಂದೊಂದು ಡಬ್ಬಿಯೂ ಒಂದೊಂದು ಮನೆ. ಆಯಾ ಮನೆಯಿಂದಲೇ ಒಂದು ಖಾಲಿ ಡಬ್ಬಿ ಕೇಳಿ ತಂದು, ಆ ಮನೆಯ ಮಿಷನ್ನಿನಿಂದ ಬಿಚ್ಚಿದ್ದನ್ನೆಲ್ಲ ಅದರಲ್ಲೇ ಇಟ್ಟಿದ್ದಾರೆ. ಹೆಸರು ಬರೆಯುವ ಅಗತ್ಯವೇ ಇರಲಿಲ್ಲ; ಡಬ್ಬಿಯ ಮುಖ ನೋಡಿದರೆ ಮನೆ ಗೊತ್ತು. ಅದನ್ನು ಅವಳು ಸ್ಕೇಲು ಹಿಡಿದು ಉದ್ದ ಗಿಡ್ಡ ಎಂದು ವಿಂಗಡಿಸಿದ್ದಳು. ನಲವತ್ತೊಂದು ಮನೆಗಳನ್ನು ಕಲಸಿಬಿಟ್ಟಿದ್ದಳು.

ಅವತ್ತು ರಾತ್ರಿಯ ಊಟಕ್ಕೆ ಹಿತಕಿದ ಅವರೆಬೇಳೆ ಸಾರು, ಮುದ್ದೆ. ನರೇಂದ್ರನಿಗೂ ಅದೇ ದಿನ ಯಾರೋ ಹೇಳಿದ್ದರು, ಅಪ್ಪ ಬಸ್‌ಸ್ಟಾಪಿನಲ್ಲಿ ಪೆಟ್ಟಿಗೆ ತೊಡೆಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು ಅಂತ.

“ಸಾಕು, ನಿಲ್ಸಪ್ಪ ಇನ್ನ” ಅಂದ. “ಯಾರು ಉಪವಾಸ ಇದಾರೆ ಅಂತ ನೀನು ಬಸ್ಸಲ್ಲಿ ಜೋತಾಡ್ಬೇಕು? ನನ್ನ ಜೊತೆ ಕೆಲಸ ಮಾಡೋರೆಲ್ಲ ಕೇಳ್ತಾರೆ.”

ಜಗಳಕ್ಕೆ ಅವನು ಸಿದ್ಧನಾಗಿಯೇ ಬಂದಿದ್ದ. ಮೊದಲೊಮ್ಮೆ ಹೀಗೆ ಅಂದಾಗ ಚಿನ್ನಪ್ಪ ತಟ್ಟೆ ತಳ್ಳಿ, ನಿನ್ನ ಬಸ್ಸಿಗೆ ಟಿಕೆಟ್ ತಗೊಂಡೇ ಹತ್ತುತ್ತೀನಲ್ಲೋ ಅಂದಿದ್ದರು. ಈ ಸಲ ಮುದ್ದೆ ಮುರಿದು ಸಾರಿಗೆ ಅದ್ದಿ, “ಆಯ್ತಪ್ಪ, ನಿಲ್ಲಿಸ್ತೀನಿ” ಅಂದರು. ಅಷ್ಟು ಸಲೀಸಾಗಿ ಅಂದದ್ದಕ್ಕೆ ನರೇಂದ್ರನಿಗೇ ಏನೋ ತಪ್ಪಾಯಿತು ಅನ್ನಿಸಿರಬೇಕು. ಇನ್ನೊಂದು ಸೌಟು ಸಾರು ಬಡಿಸಲು ಹೆಂಡತಿಗೆ ಕಣ್ಸನ್ನೆ ಮಾಡಿದ.

ಮರುದಿನ ಚಿನ್ನಪ್ಪ ಹೊರಡಲಿಲ್ಲ. ಲತಾಮಣಿಯೂ ರಜೆ ಹಾಕಿದಳು. ಹಸಿರು ಮೊರದಲ್ಲಿ ಅವರೆಕಾಯಿ ಸುರುವಿಕೊಂಡು ಮಾವನ ಎದುರಿಗೆ, ಅವರು ಎದ್ದು ಹೋಗಲಾರದ ಹಾಗೆ ಬಾಗಿಲಿಗೆ ಅಡ್ಡವಾಗಿ ಕೂತಳು.

“ನಂಗ್ಯಾಕೆ ಹೇಳ್ಲಿಲ್ಲ ಮಾವ? ಬೈಬೋದಿತ್ತಲ್ಲ. ಡಬ್ಬಿ ಮುಟ್ಟೋಕೆ ಮೊದ್ಲು ಕೇಳ್ಬಾರ್ದಿತ್ತಾ ಅಂತ ಒಂದು ಮಾತು ಬೈಬೋದಿತ್ತು.”

ಚಿನ್ನಪ್ಪ ಒಂದು ಕಾಯಿ ಸುಲಿದರು, ಇನ್ನೊಂದು ಸುಲಿದರು.

“ಎರಡು ಭಾನುವಾರ ಕೂತು ಮಾಡಿದೀಯ. ಬೆರಳಿಗೆಲ್ಲ ಸೀಮೆಎಣ್ಣೆ ಕಚ್ಚಿ ಸಿಪ್ಪೆ ಎದ್ದಿತ್ತು, ನೋಡ್ದೆ. ಏನಂತ ಬೈಲಿ?” ಅಂದರು. “ಮನೇಲಿ ಬಿಟ್ಟೋದ್ರೆ ನೀನು ನೊಂದ್ಕೊತೀಯ ಅಂತ ದಿನಾ ಎತ್ಕೊಂಡ್ ಹೋದೆ.”

ಆಮೇಲೆ, ಮೂರು ವಾರದ ಮೇಲೆ, ಮಾತು ಬಂತು. ಹಳೆಯ ಮಿಷನ್ನಿನ ತೂತು ತನ್ನದೇ ಸ್ಕ್ರೂವಿನ ಜೊತೆಜೊತೆಗೆ ಸವೆದಿರುತ್ತದೆ. ಅದೇ ಅಳತೆಯ ಹೊಸದು ಹಾಕಿದರೆ ಒಂದೋ ಹಿಡಿಯುವುದಿಲ್ಲ, ಇಲ್ಲವೇ ನಾಲ್ಕು ದಿನಕ್ಕೆ ಸಡಿಲವಾಗುತ್ತದೆ. ಅದಕ್ಕೇ ಮನೆಗೊಂದು ಡಬ್ಬಿ. ಅಣ್ಣಮ್ಮನ ಮಿಷನ್ನಿಗೂ ಒಂದು ಡಬ್ಬಿ ಇತ್ತು, ಇಂಗಿನದು. ಅವಳು ಆಸ್ಪತ್ರೆ ಸೇರುವ ವಾರ, ಹೊಲಿಗೆ ಎಗರುತ್ತೆ ಅಂದಿದ್ದಕ್ಕೆ ಸೂಜಿ ಇಳಿಯುವ ತಟ್ಟೆ ಬಿಚ್ಚಿದ್ದರು. ಬಿಚ್ಚಿದ್ದು ಹಾಗೇ ಉಳಿಯಿತು. ಎರಡು ಸ್ಕ್ರೂಗಳಲ್ಲಿ ಒಂದು ಮಿಷನ್ನಿನಲ್ಲೇ ಇದೆ. ಇನ್ನೊಂದು ಡಬ್ಬಿಯಲ್ಲಿತ್ತು.

“ಬಟ್ಟೆ ಸಿಕ್ಕಾಕ್ಕೊಳ್ತಾ ಇತ್ತು ಅವಳಿಗೆ. ಅದಕ್ಕೆ ಅದ್ರ ತಲೆ ಒಂದು ಮಗ್ಗುಲು ಅರದಲ್ಲಿ ಉಜ್ಜಿದ್ದೆ. ಅದೊಂದು ಸಿಕ್ಕಿದ್ರೆ ತಟ್ಟೆ ಮುಚ್ಚಿಬಿಡ್ತೀನಿ. ಸಂಜೆ ಅದನ್ನೇ ಹುಡುಕ್ತಾ ಇದ್ದೆ ಕಣೆ, ಕೋಪ ಏನಿಲ್ಲ.”

ಲತಾಮಣಿ ಅವರೆಕಾಯಿಯನ್ನು ಪಾತ್ರೆಗೆ ಬಗ್ಗಿಸಿ ಮೊರ ಖಾಲಿ ಮಾಡಿದಳು. ಮೊದಲನೇ ಡ್ರಾಯರನ್ನು ಅದರೊಳಕ್ಕೆ ಸುರಿದು, “ನಾನೂ ಹುಡುಕ್ತೀನಿ ಮಾವ” ಅಂದಳು.

ಅಂದಿನಿಂದ ಸಂಜೆಗಳು ಮತ್ತೆ ಬಂದವು, ಮುಂಚಿಗಿಂತ ಉದ್ದವಾಗಿ. ಅವಳು ಮೊರದಿಂದ ಒಂದೊಂದೇ ಸ್ಕ್ರೂ ಆರಿಸಿ ಅಣ್ಣಮ್ಮನ ಮಿಷನ್ನಿನ ತಟ್ಟೆಯ ತೂತಿಗಿಟ್ಟು ತಿರುಗಿಸುವಳು. ಎರಡೇ ಸುತ್ತಿನಲ್ಲಿ ಅದು ಜಾರುವುದು, ಇಲ್ಲವೇ ಅರ್ಧಕ್ಕೆ ಕಚ್ಚಿಕೊಳ್ಳುವುದು. “ಇದಲ್ಲ ಮಾವ” ಎಂದು ಅವರ ಕೈಗೆ ಕೊಡುವಳು. ಚಿನ್ನಪ್ಪ ಅದನ್ನು ಹೆಬ್ಬೆರಳಿನಲ್ಲಿ ಸವರಿ, ಕಣ್ಣು ಕಿರಿದು ಮಾಡಿ, ಯಾರದೆಂದು ನೆನೆಸಿಕೊಳ್ಳುವರು. ಇದು ಜಯನಗರದ ಸಂಗಮೇಶನ ತಾಯಿಯದು, ಮಿಷನ್ ಮಾರಲ್ಲ ಅಂತ ಮಗನ ಜೊತೆ ವರ್ಷ ಮಾತು ಬಿಟ್ಟಾಕೆ. ಇದು ಸುಬ್ರಹ್ಮಣ್ಯಪುರದ ಸೊಣ್ಣಮ್ಮನದು, ಹೊಲ ಲೇಔಟ್ ಆಗಿ ನಾಲ್ಕು ಮನೆ ಬಾಡಿಗೆ ಬರುತ್ತಿದ್ದರೂ ತನ್ನ ಲಂಗ ತಾನೇ ಹೊಲಿದುಕೊಳ್ಳುವಾಕೆ. ಚೂಡಾಮಣಿಯ ಮನೆಯ ಕಥೆಗಂತೂ ಒಂದಿಡೀ ಸಂಜೆ ಹಿಡಿಯಿತು: ಅವಳ ಅತ್ತೆ, ಸೊಸೆ ಹೊಲಿಗೆ ಕಲಿಯಬಾರದೆಂದು ಮಿಷನ್ನಿನ ಬೆಲ್ಟು ಕತ್ತರಿಸಿ ಬಾವಿಗೆಸೆದಿದ್ದು, ಕೊನೆಗಾಲದಲ್ಲಿ ಅದೇ ಸೊಸೆಯ ಸಂಪಾದನೆಯಲ್ಲಿ ಔಷಧಿ ಕುಡಿಯುತ್ತ, ಇವರ ಕೈಗೆ ಹಾಲಿನಪುಡಿಯ ಡಬ್ಬಿ ಕೊಟ್ಟು, ಮಿಷನ್ ಚೆನ್ನಾಗಿ ನೋಡ್ಕೊಳ್ಳಪ್ಪ ಅಂದಿದ್ದು. ಲತಾಮಣಿ ಕೇಳುತ್ತಲೇ ‘ಚಪ್ಪಟೆ, ಗಿಡ್ಡ’ ಎಂಬ ಚೀಟಿ ಕಿತ್ತು ‘ಚೂಡಾಮಣಿ’ ಎಂದು ಬರೆದು ಅಂಟಿಸಿದಳು.

ಸಂಕ್ರಾಂತಿಯ ಹೊತ್ತಿಗೆ ಹನ್ನೊಂದು ಡ್ರಾಯರಿಗೆ ಮನೆಯ ಹೆಸರು ಬಂದಿತ್ತು. ಚಿನ್ನಪ್ಪ ಒಂದು ದಿನ ಯಾರಿಗೂ ಹೇಳದೆ ಪೆಟ್ಟಿಗೆ ಎತ್ತಿಕೊಂಡು ಬನಶಂಕರಿಗೆ ಹೋಗಿ ಚೂಡಾಮಣಿಯ ಮಿಷನ್ ಸರಿಮಾಡಿ ಬಂದರು. ನರೇಂದ್ರ ಹುಬ್ಬು ಗಂಟಿಕ್ಕಿ, ಊಟಕ್ಕೆ ಕೂತ. ಹೇಮಶ್ರೀ ಒಂದು ಸಂಜೆ ಇಯರ್‌ಫೋನ್ ತೆಗೆದು, “ಆಮೇಲೇನಾಯ್ತು ತಾತ?” ಎಂದು ಕೇಳಿ, ಉತ್ತರ ಬರುವ ಮೊದಲೇ ಫೋನ್ ಬಂದು ರೂಮಿಗೆ ಹೋದಳು.

ಹಬ್ಬ ಕಳೆದ ಮೂರನೇ ದಿನ ಅದು ಸಿಕ್ಕಿತು.

ಚಿನ್ನಪ್ಪ ಹಾಲು ತರಲು ಕೆಳಗೆ ಹೋಗಿದ್ದರು. ಲತಾಮಣಿ ಮೊರದಿಂದ ಒಂದು ಸ್ಕ್ರೂ ತೆಗೆದು ತೂತಿಗಿಟ್ಟು ತಿರುಗಿಸಿದಳು. ಎರಡು ಸುತ್ತು, ಮೂರು ಸುತ್ತು, ನಾಲ್ಕು. ಜಾರಲಿಲ್ಲ, ಕಚ್ಚಲಿಲ್ಲ. ಬೆಣ್ಣೆಯಲ್ಲಿ ಬೆರಳು ಇಳಿದ ಹಾಗೆ ಕೊನೆಯ ತನಕ ಇಳಿದು ತಟ್ಟೆಯನ್ನು ಒತ್ತಿ ಹಿಡಿಯಿತು. ಅವಳು ಬೆರಳಿಂದ ಸವರಿ ನೋಡಿದಳು. ತಲೆಯ ಒಂದು ಮಗ್ಗುಲು ನುಣ್ಣಗೆ ಉಜ್ಜಿದ್ದರು.

ಮೆಟ್ಟಿಲ ಮೇಲೆ ಮಾವನ ಚಪ್ಪಲಿಯ ಸದ್ದು ಕೇಳಿಸಿತು. ಕೂಗಿ ಹೇಳಬೇಕೆಂದು ಬಾಯಿ ತೆರೆದಳು. ಇನ್ನು ಹತ್ತು ಮೆಟ್ಟಿಲು. ಅವರು ಬರುತ್ತಾರೆ, ನೋಡುತ್ತಾರೆ, ಕಣ್ಣು ಒರೆಸಿಕೊಳ್ಳುತ್ತಾರೆ, ಮಿಷನ್ನಿಗೆ ಬಟ್ಟೆ ಮುಚ್ಚುತ್ತಾರೆ. ನಾಳೆ ಸಂಜೆ? ನಾಳಿದ್ದು? ಹುಡುಕುವುದಕ್ಕೆ ಏನೂ ಇಲ್ಲದ ಮನೆಯಲ್ಲಿ ಮತ್ತೆ ಒಬ್ಬಳೇ ನಿಂತು ಮುದ್ದೆ ತೊಳಸುವುದು ಅವಳ ಕಣ್ಣಿಗೆ ಕಟ್ಟಿತು. ಅವಳ ಕೈ ಅವಳ ಮಾತು ಕೇಳಲಿಲ್ಲ. ಸ್ಕ್ರೂವನ್ನು ಸರಸರ ಹಿಂದಕ್ಕೆ ತಿರುಗಿಸಿ ತೆಗೆದು, ಕೆಳಸಾಲಿನ ಕೊನೆಯ ಡ್ರಾಯರಿಗೆ, ಸ್ಪ್ರಿಂಗುಗಳ ನಡುವೆ ಹಾಕಿ ತಳ್ಳಿದಳು.

“ಸಿಕ್ತೇನಮ್ಮ?” ಎನ್ನುತ್ತ ಚಿನ್ನಪ್ಪ ಒಳಗೆ ಬಂದರು. ಅದು ಅವರು ದಿನಾ ಕೇಳುವ ಮಾತು.

“ಇಲ್ಲ ಮಾವ.”

ಗೋಡೆಯ ಮೇಲಿದ್ದ ಅಣ್ಣಮ್ಮನ ಫೋಟೋ ಕಡೆ ಅವಳು ಒಂದು ವಾರ ತಲೆಯೆತ್ತಿ ನೋಡಲಿಲ್ಲ. ನಾಳೆ ಹೇಳುತ್ತೇನೆ ಎಂದು ದಿನಾ ಅಂದುಕೊಳ್ಳುವಳು. ಸಂಜೆ ಕಾಫಿಯ ಲೋಟ ಕೈಗೆ ಬಂದು, ಮಾವ ಮೊರವನ್ನು ಮುಂದಕ್ಕೆಳೆದುಕೊಂಡು, “ಇದು ಯಾರದು ಗೊತ್ತಾ” ಎಂದು ಶುರು ಮಾಡಿದರೆ, ಇನ್ನೊಂದು ದಿನ ಹೋಗಲಿ ಅನ್ನಿಸುವುದು.

ಸ್ಕ್ರೂವಿನ ಡ್ರಾಯರುಗಳೆಲ್ಲ ಮುಗಿದವು. ಅವಳು ಮುಗಿಯಿತಲ್ಲ ಎಂದುಕೊಳ್ಳುತ್ತ ಕೂತಿದ್ದಾಗ, ಚಿನ್ನಪ್ಪ ಕೆಳಸಾಲಿನ ಕೊನೆಯ ಡ್ರಾಯರಿಗೆ ಕೈ ಹಾಕಿದರು.

“ಅದು ಸ್ಪ್ರಿಂಗು ಮಾವ.”

“ಇರ್ಲಿ, ನೋಡೋಣ.”

ಸ್ಪ್ರಿಂಗುಗಳ ನಡುವಿಂದ ಅವರ ಬೆರಳಿಗೆ ಸ್ಕ್ರೂ ಬಂತು. ಹೆಬ್ಬೆರಳು ಅದರ ತಲೆಯ ಮೇಲೆ ಹೋಗಿ ಒಂದು ಮಗ್ಗುಲಲ್ಲಿ ನಿಂತಿತು. ಅಲ್ಲಿಂದ ಅಲ್ಲಾಡಲಿಲ್ಲ. ಅವರು ಅಣ್ಣಮ್ಮನ ಮಿಷನ್ ಕಡೆ ನೋಡಿದರು. ಆಮೇಲೆ ಸೊಸೆಯ ಮುಖ ನೋಡಿದರು. ಮಾತ್ರೆಯನ್ನೂ ಸ್ಕ್ರೂವನ್ನೂ ಒಂದು ದಿನವೂ ತಪ್ಪು ಡ್ರಾಯರಿಗೆ ಹಾಕದವಳು ಅವಳು. ಸ್ಪ್ರಿಂಗಿನ ನಡುವೆ ಸ್ಕ್ರೂ ತಾನಾಗಿಯೇ ಹೋಗಿ ಕೂರುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಲತಾಮಣಿ ತಲೆ ತಗ್ಗಿಸಿದಳು. ಬೈಯಲಿ, ಇವತ್ತಾದರೂ ಬೈಯಲಿ ಎಂದು ಕಾದಳು.

ಒಳಗೆ ನರೇಂದ್ರ ಗೊರಕೆ ಹೊಡೆಯುತ್ತಿದ್ದ. ಹೇಮಶ್ರೀಯ ರೂಮಿನ ಬಾಗಿಲು ಮುಚ್ಚಿತ್ತು.

“ಇದು ಚೂಡಾಮಣಿ ಮನೇದು” ಅಂದರು ಚಿನ್ನಪ್ಪ. ಸ್ಕ್ರೂವನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. “ಅವಳ ಅತ್ತೆ ಕಥೆ ನಿಂಗೆ ಹೇಳಿದೀನಾ? ಭಾರಿ ಗಟ್ಟಿಗಿತ್ತಿ ಆಕೆ. ಮಿಷನ್ ಬೆಲ್ಟ್ ಕತ್ತರಿಸಿ ಬಾವಿಗೆ ಎಸೆದಿದ್ಲು.”

“ಇಲ್ಲ ಮಾವ” ಅಂದಳು ಲತಾಮಣಿ. “ಯಾಕೆ ಎಸೆದ್ಲು?”

ಅವರು ಹೇಳತೊಡಗಿದರು. ಅವಳು ಮೊದಲ ಸಲ ಕೇಳುವವಳ ಹಾಗೆ, ಮೊದಲ ಸಲ ಕೇಳಿದ ಪ್ರಶ್ನೆಗಳನ್ನೇ ಕೇಳುತ್ತ, ಅವರ ಕೈಯಲ್ಲಿ ಬಿಸಿಯಾಗಿದ್ದ ಸ್ಕ್ರೂವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತಳು. ಅಣ್ಣಮ್ಮನ ಮಿಷನ್ನಿನ ತಟ್ಟೆ ಒಂದೇ ಸ್ಕ್ರೂವಿನ ಮೇಲೆ ನಿಂತಿತ್ತು.